ಕೀಲಿಮಣೆಯ ಮುನಿಸು

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ. ಸದಸ್ಯರ ಅಪೇಕ್ಷೆಯ ಮೇರೆಗೆ ಇಲ್ಲಿ ಅಚ್ಚಿಸಲಾಗಿದೆ.)



ಈ ವೇದಿಕೆಯ ಮೇಲೆ ನಿಂತು ಪಂಪ ರನ್ನರನ್ನು ಕುರಿತು ಮಾತನಾಡಿದವರಿದ್ದಾರೆ. ದಾಸರ ಪದಗಳನ್ನು ಹಾಡಿ ನಮ್ಮನ್ನು ಮೈಮರೆಸಿದವರಿದ್ದಾರೆ. ಅಂಥ ಸ್ಥಳದಲ್ಲಿ ನಿಂತು, ಹಳೆಯ ಕಂಪ್ಯೂಟರು ಪ್ರೋಗ್ರಾಮುಗಳಲ್ಲಿ ಕೀಲಿಮಣೆಯು ಆಗಾಗ ಏಕೆ ಸ್ತಬ್ಧವಾಗುತ್ತದೆ ಎಂಬ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಮೊದಲೇ ಕ್ಷಮೆ ಬೇಡುತ್ತೇನೆ. ಕಾರ್ಯದರ್ಶಿಗಳು "ನಿಮಗೆ ತಿಳಿದುದನ್ನು ಹೇಳಿ, ಸಾಕು" ಎಂದರು. ನನಗೆ ತಿಳಿದಿರುವುದು ಒಂದೇ ವಿದ್ಯೆ. ಮುಂಬಯಿಗೆ ಬಂದಂದಿನಿಂದ ನಾನು ಮಾಡಿದ್ದು ಕೆಟ್ಟ ಯಂತ್ರಗಳ ದುರಸ್ತಿಯ ಕೆಲಸ. ನಮ್ಮವರ ಹೋಟೆಲುಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಮುದ್ರಣಾಲಯಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಹಳೆಯ ಪ್ರೋಗ್ರಾಮುಗಳು ಇಂದಿಗೂ ದುಡಿಯುತ್ತಿವೆ. ಆದುದರಿಂದ ಈ ಮಾತು ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಕೆಟ್ಟುಹೋದ ಯಂತ್ರ ನನಗೆ ಎಂದೂ ಕಷ್ಟ ಕೊಟ್ಟಿಲ್ಲ. ಕೆಟ್ಟದ್ದು ಕೆಟ್ಟೇ ಇರುತ್ತದೆ. ಬಿಚ್ಚಿ ನೋಡಿದರೆ ಸಿಕ್ಕುತ್ತದೆ. ಕಷ್ಟ ಕೊಡುವುದು ಒಮ್ಮೆ ಕೆಟ್ಟು ಒಮ್ಮೆ ತಾನಾಗಿಯೇ ಸರಿಹೋಗುವ ಯಂತ್ರ. ವೈದ್ಯರ ಮನೆಯ ಮೆಟ್ಟಿಲು ಹತ್ತಿದೊಡನೆ ನಿಂತುಹೋಗುವ ಹಲ್ಲುನೋವು ನಿಮಗೆಲ್ಲ ಗೊತ್ತಿದೆಯಷ್ಟೆ? ಅದೇ ಜಾತಿಯದು ಇದು. ನೋವು ನಿಜ; ತೋರಿಸಹೋದರೆ ಇಲ್ಲ. ಹೀಗಾದಾಗ ಸುತ್ತಲಿನವರು ಯಂತ್ರವನ್ನು ಶಂಕಿಸುವುದಕ್ಕೆ ಮುಂಚೆ ನೋವು ಹೇಳಿದವರನ್ನು ಶಂಕಿಸುತ್ತಾರೆ. ನಮ್ಮ ಸಂಘದಲ್ಲಿಯೇ ಹಾಗೆ ಆಯಿತು. ಆ ಶಂಕೆಯಲ್ಲಿ ನನ್ನ ಪಾಲೂ ಇತ್ತು. ಅದನ್ನೇ ಇಂದು ಹೇಳಬೇಕೆಂದಿದ್ದೇನೆ.

೨೦೧೨ರ ಮಾತು. ರಾಜ್ಯೋತ್ಸವದ ಸಂಚಿಕೆಯ ಕೆಲಸ ನಡೆದಿತ್ತು. ಆಗ ನಮ್ಮ ಕೋಣೆಯಲ್ಲಿದ್ದುದು ವಿಂಡೋಸ್ ಎಕ್ಸ್‌ಪಿ ನಡೆಯುತ್ತಿದ್ದ ಒಂದು ಯಂತ್ರ. ಅದರಲ್ಲಿ ಕನ್ನಡ ಅಕ್ಷರ ಜೋಡಿಸುವ ಒಂದು ಹಳೆಯ ಪ್ರೋಗ್ರಾಮು. ಬೆರಳಚ್ಚಿನ ಕೆಲಸ ಮಾಡುತ್ತಿದ್ದವರು ಧಾರವಾಡದ ಕಡೆಯ ಒಬ್ಬ ತಾಯಿ. ಎಲ್ಲರೂ ಅವರನ್ನು ಬಾಯಿಯವರು ಎಂದೇ ಕರೆಯುತ್ತಿದ್ದರು. ಹುಡುಗಿಯಾಗಿದ್ದಾಗ ಕನ್ನಡ ಟೈಪುರೈಟರಿನ ಮೇಲೆ ಕಲಿತ ಕೈ. ಸಂಘ ಕೊಡುತ್ತಿದ್ದ ಗೌರವಧನ ಅವರ ರೈಲಿನ ಪಾಸಿಗೆ ಸಾಲುತ್ತಿತ್ತೋ ಇಲ್ಲವೋ! ಅಂಥವರು ಸೆಪ್ಟೆಂಬರಿನಿಂದ ದೂರತೊಡಗಿದರು: ನಡುನಡುವೆ ಕೀಲಿಮಣೆ ನಿಂತುಬಿಡುತ್ತದೆ, ಒತ್ತಿದ ಅಕ್ಷರ ಬೀಳುವುದಿಲ್ಲ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಸರಿಹೋಗುತ್ತದೆ.

ಸಮಿತಿಯ ಒಬ್ಬರು ಬಂದು ಅದೇ ಯಂತ್ರದ ಮುಂದೆ ಕುಳಿತು ಇಂಗ್ಲಿಷಿನಲ್ಲಿ ಎರಡು ಪುಟ ಪತ್ರ ಹೊಡೆದರು. ಏನೂ ಆಗಲಿಲ್ಲ. "ಯಂತ್ರ ಸರಿಯಾಗಿದೆಯಲ್ಲ" ಎಂದರು. ಇನ್ನೊಬ್ಬರು, "ಕನ್ನಡದ ಪ್ರೋಗ್ರಾಮು ಎಂದರೆ ಇಷ್ಟೇ ಸ್ವಾಮಿ" ಎಂದು ನಿಟ್ಟುಸಿರು ಬಿಟ್ಟರು. ಬಾಯಿಯವರು ಮಾತ್ರ ನನ್ನ ಹತ್ತಿರ ಹೇಳಿದ್ದು ಇಷ್ಟು: "ಸಿಟ್ಟಿಲೆ ಒತ್ತಿದ್ರ ಬರ್ತದ್ರೀ ರಾಯರ, ಸಮಾಧಾನದಿಂದ ಒತ್ತಿದ್ರ ಬರೂದಿಲ್ಲ." ಅಲ್ಲಿದ್ದವರೆಲ್ಲ ನಕ್ಕೆವು. ನಾನೂ ನಕ್ಕೆ. ರೋಗದ ಹೆಸರನ್ನೇ ಆ ತಾಯಿ ಹೇಳಿಬಿಟ್ಟಿದ್ದರೆಂಬುದು ನನಗೆ ತಿಳಿದದ್ದು ಐದು ವಾರದ ಮೇಲೆ.

ಕತೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸಿ, ಒತ್ತಿದ ಕೀಲಿ ಅಕ್ಷರವಾಗುವುದು ಹೇಗೆ ಎಂಬುದನ್ನು ಹೇಳುತ್ತೇನೆ. ಅದು ತಿಳಿಯದೆ ಮುಂದಿನದು ತಿಳಿಯುವುದಿಲ್ಲ.

ಟೈಪುರೈಟರಿನಲ್ಲಿ ಬೆರಳಿಗೂ ಕಾಗದಕ್ಕೂ ನಡುವೆ ಇರುವುದು ಒಂದು ಸನ್ನೆಕೋಲು ಮಾತ್ರ. ಕಂಪ್ಯೂಟರಿನಲ್ಲಿ ಹಾಗಲ್ಲ. ಇದು ಹೋಟೆಲಿನ ವ್ಯವಹಾರ. ನೀವು ದೋಸೆ ಎಂದ ಮಾತ್ರಕ್ಕೆ ಕಾವಲಿಯ ಮೇಲೆ ಹಿಟ್ಟು ಬೀಳುವುದಿಲ್ಲ. ಮಾಣಿ ಕೇಳಿಕೊಳ್ಳಬೇಕು, ಚೀಟಿ ಬರೆಯಬೇಕು, ಅಡಿಗೆಮನೆಯ ಕಿಂಡಿಯಲ್ಲಿರುವ ಮೊಳೆಗೆ ಸಿಕ್ಕಿಸಬೇಕು, ಭಟ್ಟರು ಕೈ ಬಿಡುವಾದಾಗ ಅದನ್ನು ತೆಗೆದು ನೋಡಬೇಕು. ಕೀಲಿಮಣೆಯೊಳಗೇ ಒಂದು ಪುಟ್ಟ ಸಂಸ್ಕಾರಕ ಇದೆ. ಯಾವ ಕೀಲಿ ಒತ್ತಲ್ಪಟ್ಟಿತು, ಯಾವುದು ಬಿಡಲ್ಪಟ್ಟಿತು ಎಂಬುದನ್ನು ನೋಡಿ ಒಂದು ಸಂಖ್ಯೆಯನ್ನು ಕಳುಹಿಸುವುದು ಅದರ ಕೆಲಸ. ಅದು ಮಾಣಿ. ಆ ಸಂಖ್ಯೆ ಬಂದೊಡನೆ ಯಂತ್ರ ತನ್ನ ಕೈಯ ಕೆಲಸವನ್ನು ಕ್ಷಣಕಾಲ ಬಿಟ್ಟು, ಅದನ್ನು ಒಂದು ಸಣ್ಣ ಸಾಲಿನಲ್ಲಿ ಇಡುತ್ತದೆ. ಅದು ಮೊಳೆ. ಪ್ರೋಗ್ರಾಮು ತನಗೆ ಬಿಡುವಾದಾಗ ಆ ಸಾಲಿನಿಂದ ಒಂದೊಂದನ್ನೇ ತೆಗೆದುಕೊಳ್ಳುತ್ತದೆ. ಅದು ಭಟ್ಟರು.

೧೯೮೧ರಲ್ಲಿ ಐಬಿಎಂ ಕಂಪೆನಿಯ ಪಿಸಿ ಬಂದಾಗ ಈ ಸಾಲಿಗೆ ಇಟ್ಟದ್ದು ಹದಿನಾರು ಮನೆ. ಸಾಲು ತುಂಬಿದೆಯೋ ಬರಿದಾಗಿದೆಯೋ ಎಂಬ ಗೊಂದಲ ಬರಬಾರದೆಂದು ಒಂದು ಮನೆಯನ್ನು ಸದಾ ಖಾಲಿ ಬಿಡಬೇಕು. ಹೀಗಾಗಿ ಕೆಲಸಕ್ಕೆ ಬರುವುದು ಹದಿನೈದು. ಡಾಸ್ ಕಾಲದ ಬಹುಪಾಲು ಪ್ರೋಗ್ರಾಮುಗಳು ಈ ಹದಿನೈದು ಚೀಟಿಯ ಮೊಳೆಯನ್ನು ನಂಬಿ ಬದುಕಿದವು. ಹದಿನಾರನೆಯ ಕೀಲಿ ಒತ್ತಿದರೆ ಯಂತ್ರ ಕುಂಯ್ ಎಂದು ಕೂಗಿ ಅದನ್ನು ಎಸೆದುಬಿಡುತ್ತದೆ.

ಉಪನಗರದ ಒಂದು ಹೋಟೆಲಿನ ಗಲ್ಲಾದಲ್ಲಿ ನಾನು ಕಂಡದ್ದು ಇದೇ. ಮಾಲೀಕರು ನಮ್ಮ ಉಡುಪಿಯ ಕಡೆಯವರು. ಬಿಲ್ಲಿನ ಪ್ರೋಗ್ರಾಮು ಡಾಸ್ ಕಾಲದ್ದು. ಮಧ್ಯಾಹ್ನದ ಊಟದ ಗದ್ದಲದಲ್ಲಿ ಕೀಲಿಮಣೆ ಸ್ತಬ್ಧ, ಅವರು ಎಂಟರ್ ಕೀಲಿಯನ್ನು ಕುಟ್ಟಿದ್ದೇ ಕುಟ್ಟಿದ್ದು, ಯಂತ್ರ ಕುಂಯ್‌ಗುಟ್ಟುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಒಂದೇ ಮೇಜಿಗೆ ನಾಲ್ಕು ಬಿಲ್ಲು ಹೊರಬೀಳುತ್ತವೆ! ಕೀಲಿಮಣೆಯಲ್ಲಿ ದೋಷವೇ ಇರಲಿಲ್ಲ. ಮುದ್ರಕದಲ್ಲಿ ಕಾಗದದ ಸುರುಳಿ ಸಿಕ್ಕಿಕೊಳ್ಳುತ್ತಿತ್ತು. ಪ್ರೋಗ್ರಾಮು ಅದಕ್ಕಾಗಿ ಕಾದು ನಿಂತಿತ್ತು. ಭಟ್ಟರು ಕಾವಲಿ ಬಿಟ್ಟು ಕದಲದೆ ನಿಂತಹಾಗೆ. ಕುಟ್ಟಿದ ಎಂಟರುಗಳು ಮೊಳೆಯ ಮೇಲೆ ಕಾದಿದ್ದು, ಕಾಗದ ಸರಿಹೋದೊಡನೆ ಒಂದರ ಹಿಂದೊಂದು ಒಳಗೆ ನುಗ್ಗಿದವು. ನಾಲ್ಕು ಬಿಲ್ಲು ಬಂದದ್ದು ಅವರ ಪುಣ್ಯ. ಎಂಟರಿನ ಬದಲಿಗೆ "ಅಳಿಸಲೇ?" ಎಂಬ ಪ್ರಶ್ನೆಗೆ ಹೌದು ಎನ್ನುವ ಕೀಲಿ ಆ ಸಾಲಿನಲ್ಲಿದ್ದಿದ್ದರೆ ದಿನದ ಲೆಕ್ಕ ಹೋಗುತ್ತಿತ್ತು. ಸ್ತಬ್ಧವಾದ ಕೀಲಿಮಣೆಯನ್ನು ಕುಟ್ಟಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಒಂದು ಕೀಲಿ ಒತ್ತಿ, ಕೈ ಹಿಂದೆಗೆದು, ಮುದ್ರಕದ ಕಡೆಗೆ ನೋಡಿ.

ಇನ್ನೊಂದು ಉಪಕತೆ. ಹಳೆಯ ಯುನಿಕ್ಸ್ ಯಂತ್ರಕ್ಕೆ ಜೋಡಿಸಿದ ಟರ್ಮಿನಲ್ಲುಗಳಲ್ಲಿ ಕೆಲಸ ನಡೆಯುತ್ತಿದ್ದ ಒಂದು ಕಛೇರಿ. ಹೊಸದಾಗಿ ಸೇರಿದ ಹುಡುಗರ ಪರದೆ ಮಾತ್ರ ಆಗಾಗ ನಿಲ್ಲುತ್ತಿತ್ತು, ಹಳಬರದು ನಿಲ್ಲುತ್ತಿರಲಿಲ್ಲ. ಹಳಬರಿಗೆ ಅದೊಂದು ಹೆಮ್ಮೆಯೇ ಆಗಿತ್ತು. ಕಾರಣ ಇಷ್ಟು: ಹುಡುಗರು ಹೊಸ ಪ್ರೋಗ್ರಾಮುಗಳಲ್ಲಿ ಕಲಿತವರು, ಕೆಲಸವನ್ನು ಉಳಿಸಲು ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಕೂಡಿಸಿ ಒತ್ತುವುದು ಅವರ ಕೈಗೆ ಅಂಟಿದ ಅಭ್ಯಾಸ. ಟೆಲಿಪ್ರಿಂಟರಿನ ಕಾಲದಿಂದ ಬಂದ ಟರ್ಮಿನಲ್ಲಿನಲ್ಲಿ ಅದೇ ಜೋಡಿಗೆ ಅರ್ಥವೇ ಬೇರೆ. "ತಡೆ, ಇನ್ನು ಕಳುಹಿಸಬೇಡ" ಎಂದು ಅರ್ಥ. ಯಂತ್ರ ವಿಧೇಯವಾಗಿ ನಿಂತುಬಿಡುತ್ತದೆ. "ಇನ್ನು ಕಳುಹಿಸು" ಎನ್ನಲು ಕಂಟ್ರೋಲ್ ಮತ್ತು ಕ್ಯೂ. ಇಂದಿಗೂ ಲಿನಕ್ಸಿನ ಟರ್ಮಿನಲ್ಲಿನಲ್ಲಿ ಇದು ಹಾಗೆಯೇ ಇದೆ; ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಕೇಳಿ ನೋಡಿ.

ಇನ್ನು ಪ್ರತಿದಿನದ ಸಣ್ಣ ಕಾರಣಗಳು. ಆಲ್ಟ್ ಕೀಲಿಯನ್ನೋ ಎಫ್ ಹತ್ತನ್ನೋ ಒಂದು ಸಾರಿ ಒತ್ತಿಬಿಟ್ಟರೆ ಹಲವು ಪ್ರೋಗ್ರಾಮುಗಳಲ್ಲಿ ಗಮನವೆಲ್ಲ ಮೇಲಿನ ಮೆನುವಿಗೆ ಹೋಗಿಬಿಡುತ್ತದೆ. ಮುಂದೆ ಹೊಡೆದ ಅಕ್ಷರಗಳು ಪುಟಕ್ಕೆ ಬರುವುದಿಲ್ಲ. ಎಸ್ಕೇಪ್ ಒತ್ತಿದರೆ ಮುಗಿಯಿತು. ಕಂಟ್ರೋಲನ್ನು ಒತ್ತಿಕೊಂಡಿರುವಾಗಲೇ ಬೇರೆ ಕಿಟಕಿಗೆ ಹೋದರೆ, ಕೀಲಿ ಬಿಟ್ಟ ಸುದ್ದಿ ಹಳೆಯ ಪ್ರೋಗ್ರಾಮಿಗೆ ತಲಪುವುದೇ ಇಲ್ಲ. ಅದು ಇನ್ನೂ ಒತ್ತಿಯೇ ಇದೆಯೆಂದು ತಿಳಿದು ನಿಮ್ಮ ಅಕ್ಷರಗಳನ್ನೆಲ್ಲ ಆಜ್ಞೆಗಳೆಂದು ಭಾವಿಸುತ್ತದೆ. ಎರಡು ಪಕ್ಕದ ಕಂಟ್ರೋಲ್, ಆಲ್ಟ್, ಶಿಫ್ಟ್‌ಗಳನ್ನು ಒಂದೊಂದು ಸಾರಿ ಮುಟ್ಟಿ ಬಿಟ್ಟರೆ ಸರಿಹೋಗುತ್ತದೆ. ಡಾಸ್ ಪ್ರೋಗ್ರಾಮುಗಳನ್ನು ಇಂದಿನ ಯಂತ್ರದಲ್ಲಿ ನಡೆಸಲು ಡಾಸ್‌ಬಾಕ್ಸ್ ಎಂಬ ಉಚಿತ ಸಾಧನವನ್ನು ಬಳಸುವವರಿಗೆ ಇದು ನೆನಪಿರಲಿ. ಅರವತ್ತನಾಲ್ಕು ಬಿಟ್ಟಿನ ವಿಂಡೋಸಿನಲ್ಲಿ ಆ ಹಳೆಯ ಪ್ರೋಗ್ರಾಮುಗಳು ನೇರವಾಗಿ ನಡೆಯುವುದಿಲ್ಲವಾದ್ದರಿಂದ ಬಹುಮಂದಿಗೆ ಅದೇ ಗತಿ.

ಕನ್ನಡ ಬರೆಯುವವರಿಗೆ ಮಾತ್ರ ಬರುವ ತೊಂದರೆಯೊಂದಿದೆ. ಇಂಗ್ಲಿಷಿನ ಕೀಲಿಯನ್ನು ಕನ್ನಡದ ಅಕ್ಷರವಾಗಿ ಮಾರ್ಪಡಿಸುವ ಹಳೆಯ ಸಾಧನಗಳಲ್ಲಿ ಹಲವು, ಮಾಣಿಗೂ ಭಟ್ಟರಿಗೂ ನಡುವೆ ಕೊಕ್ಕೆ ಹಾಕಿಕೊಂಡು ನಿಂತು, ಹೋಗುವ ಪ್ರತಿಯೊಂದು ಚೀಟಿಯನ್ನೂ ಹಿಡಿದು, ಓದಿ, ತಿದ್ದಿ ಕಳುಹಿಸುತ್ತವೆ. ಈ ನಡುವಿನವನು ತಡಮಾಡಿದರೆ ಹಿಂದಿನ ಚೀಟಿಗಳೆಲ್ಲ ತಡ. ಅಂಥ ಕೊಕ್ಕೆಗಾಗಿ ವಿಂಡೋಸು ಕಾಯುವುದು ಒಂದು ಸೆಕೆಂಡಿನೊಳಗಿನ ಅವಧಿ ಮಾತ್ರ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅವನನ್ನು ದಾಟಿ ಮುಂದೆ ಹೋಗುತ್ತದೆ. ವಿಂಡೋಸ್ ಏಳರಿಂದೀಚೆಗೆ, ಮೇಲಿಂದ ಮೇಲೆ ತಡಮಾಡುವ ಕೊಕ್ಕೆಯನ್ನು ಯಾರಿಗೂ ಹೇಳದೆ ಕಿತ್ತೇಹಾಕುತ್ತದೆ. ಕನ್ನಡ ಹೊಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಇಂಗ್ಲಿಷು ಅಕ್ಷರಗಳು ಬೀಳತೊಡಗಿದರೆ ಇದೊಂದು ಕಾರಣವೆಂದು ತಿಳಿಯಬಹುದು. ಸಾಧನವನ್ನು ಮುಚ್ಚಿ ತೆರೆದರೆ ಮತ್ತೆ ಬರುತ್ತದೆ. ಎರಡು ಕನ್ನಡ ಸಾಧನಗಳನ್ನು ಒಟ್ಟಿಗೆ ತೆರೆದಿಡಬೇಡಿ. ಒಂದೇ ಕಿಂಡಿಯಲ್ಲಿ ಇಬ್ಬರು ಕೈ ಚಾಚಿದ ಹಾಗಾಗುತ್ತದೆ.

ಈಗ ನಮ್ಮ ಬಾಯಿಯವರ ಕತೆಗೆ ಬರುತ್ತೇನೆ.

ನಾನು ಮೊದಲು ಮಾಡಿದ್ದು ದುರಸ್ತಿಯವರೆಲ್ಲ ಮಾಡುವ ಪರೀಕ್ಷೆ. ಕೀಲಿಮಣೆ ನಿಂತಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡುವುದು. ಆ ದೀಪವನ್ನು ಹೊತ್ತಿಸಿ ಆರಿಸುವುದು ಕೀಲಿಮಣೆ ತಾನಾಗಿ ಅಲ್ಲ. ಸುದ್ದಿ ಯಂತ್ರಕ್ಕೆ ತಲಪಿ, ಯಂತ್ರ ಹೇಳಿಕಳುಹಿಸಿದರೇ ಹೊತ್ತುವುದು. ದೀಪ ಹೊತ್ತಿದರೆ ದಾರಿ ಸುಗಮವಾಗಿದೆ, ದೋಷ ಪ್ರೋಗ್ರಾಮಿನದು. ಹೊತ್ತದಿದ್ದರೆ ಕೀಲಿಮಣೆಯನ್ನೋ ತಂತಿಯನ್ನೋ ಶಂಕಿಸಬೇಕು. ಬಾಯಿಯವರಿಗೆ ಈ ಪರೀಕ್ಷೆ ಹೇಳಿಕೊಟ್ಟು ಬಂದೆ. ಎರಡು ದಿನದ ಮೇಲೆ ದೂರವಾಣಿಯಲ್ಲಿ ಹೇಳಿದರು, ನಿಂತಾಗ ಒತ್ತಿ ನೋಡಿದೆ, ದೀಪ ಹೊತ್ತಲಿಲ್ಲ ಎಂದು. ನಾನು ಸಂತೋಷಪಟ್ಟು ಹೊಸ ಕೀಲಿಮಣೆ ತಂದು ಹಾಕಿದೆ. ಹತ್ತು ದಿನ ಎಲ್ಲವೂ ಚೆನ್ನಾಗಿತ್ತು. ಮತ್ತೆ ನಿಂತಿತು. ಇನ್ನೊಂದು ತಂದೆ. ಮತ್ತೆ ಒಂದು ವಾರ ಸುಖ. ಮತ್ತೆ ನಿಂತಿತು.

ಎರಡು ಹೊಸ ಕೀಲಿಮಣೆಗಳೂ ಕೆಡುವುದುಂಟೆ? ಖಜಾಂಚಿಗಳು ಈ ಪ್ರಶ್ನೆಯನ್ನು ನನ್ನನ್ನು ಕೇಳಲಿಲ್ಲ, ಬಾಯಿಯವರನ್ನು ಕೇಳಿದರು. ಮರುದಿನ ಆಕೆ ಬಂದು, "ನನ್ನ ಕೈ ಛಲೋ ಇಲ್ಲಂತ ಕಾಣಸ್ತದ. ಬ್ಯಾರೆಯವರನ್ನ ನೋಡಿಕೊಳ್ರಿ" ಎಂದರು. ಬೇರೆಯವರೆಂದರೆ ಯಾರು? ನಮ್ಮ ಮಕ್ಕಳು ಕನ್ನಡವನ್ನು ಆಡುತ್ತಾರೆ, ಹಾಡುತ್ತಾರೆ, ಕೈಬರಹದ ಕನ್ನಡವನ್ನು ಓದಿ, ಒತ್ತಕ್ಷರ ತಪ್ಪದೆ ಒಂದು ನೂರು ಪುಟ ಹೊಡೆಯಬಲ್ಲವರು ಆ ದಿನ ಇಡೀ ಸಂಘದಲ್ಲಿ ಅವರೊಬ್ಬರೇ. ಸಂಚಿಕೆಯಲ್ಲಿ ಆ ವರ್ಷ ತೀರಿಕೊಂಡ ಹಿರಿಯರ ಪಟ್ಟಿಯಿತ್ತು. ಅದರ ಕರಡಿನಲ್ಲಿ ಮೂರು ಹೆಸರುಗಳ ನಡುವಿನ ಅಕ್ಷರಗಳೇ ಬಿದ್ದುಹೋಗಿದ್ದವು. ಆ ಮನೆಯವರು ಅದನ್ನು ಹಾಗೆಯೇ ಅಚ್ಚಿನಲ್ಲಿ ಕಂಡಿದ್ದರೆ ನಾವು ಯಾವ ಮುಖದಿಂದ ಅವರ ಮನೆಗೆ ಹೋಗಬೇಕಾಗಿತ್ತು?

ಒಂದು ಭಾನುವಾರ ನಾನು ಸಂಘದ ಕೋಣೆಯಲ್ಲಿ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಪರದೆಯನ್ನು ಬಿಟ್ಟು ಅವರ ಕೈಯನ್ನು ನೋಡುತ್ತ ಕುಳಿತೆ. ಮೊದಲೇ ಹಾಗೆ ಮಾಡಬೇಕಾಗಿತ್ತು.

ಒಳ್ಳೆಯ ಬೆರಳಚ್ಚುಗಾರರಂತೆ ಅವರ ಕಣ್ಣು ಸದಾ ಎಡಗಡೆಯ ಹಸ್ತಪ್ರತಿಯ ಮೇಲೆ, ಪರದೆಯ ಮೇಲಲ್ಲ. ಅಂದು ಮುಂದಿದ್ದುದು ನಮ್ಮ ಹಿರಿಯ ಸದಸ್ಯರೊಬ್ಬರ ಲೇಖನ. ಲೇಖಕರು ಇಂದು ಈ ಸಭೆಯಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ವಿಚಾರಗಳ ಬಗ್ಗೆ ನಮಗೆಲ್ಲ ಅಪಾರ ಗೌರವ, ಅಕ್ಷರಗಳ ಬಗ್ಗೆ ಅಷ್ಟೇ ಭಯ. ಒಂದು ಪದದ ಹತ್ತಿರ ಬಾಯಿಯವರ ಕೈ ನಿಂತಿತು. "ಇದು ಭರಿಸಿದರು ಏನ್ರೀ, ಧರಿಸಿದರು ಏನು?" ಎಂದು ನನ್ನನ್ನು ಕೇಳಿದರು. ನಾನೂ ಬಗ್ಗಿ ನೋಡಿದೆ. ಖರ್ಚನ್ನು ಭರಿಸಿದರೋ, ಖಾದಿಯನ್ನು ಧರಿಸಿದರೋ ಎಂದು ಹಿಂದಿನ ಸಾಲು ಓದಿದೆವು, ಮುಂದಿನ ಸಾಲು ಓದಿದೆವು. ಅಷ್ಟರಲ್ಲಿ ನನ್ನ ಕಣ್ಣು ಅವರ ಬಲಗೈಯ ಕಿರುಬೆರಳಿನ ಮೇಲೆ ಬಿತ್ತು.

ಅದು ಬಲಗಡೆಯ ಶಿಫ್ಟ್ ಕೀಲಿಯ ಮೇಲೆ ಒತ್ತಿ ಕುಳಿತಿತ್ತು.

ಏಕೆಂಬುದನ್ನು ಹೇಳುತ್ತೇನೆ. ಆ ಪ್ರೋಗ್ರಾಮಿನಲ್ಲಿದ್ದ ಕೀಲಿವಿನ್ಯಾಸ ಕೆ. ಪಿ. ರಾಯರು ರೂಪಿಸಿದ್ದು, ಮುಂದೆ ಕರ್ನಾಟಕ ಸರ್ಕಾರವೂ ಒಪ್ಪಿಕೊಂಡದ್ದು. ಬಿ ಕೀಲಿಗೆ ಬ, ಶಿಫ್ಟಿನೊಡನೆ ಭ. ಡಿ ಕೀಲಿಗೆ ದ, ಶಿಫ್ಟಿನೊಡನೆ ಧ. ಹೀಗೆ ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟು. ಬಹಳ ಸೊಗಸಾದ ವ್ಯವಸ್ಥೆ. ಬಿ ಮತ್ತು ಡಿ ಎರಡೂ ಎಡಗೈಯ ಕೀಲಿಗಳು. ಕ್ರಮವಾಗಿ ಕಲಿತವರು ಎಡಗೈಯ ಕೀಲಿಗೆ ಬಲಗಡೆಯ ಶಿಫ್ಟನ್ನೇ ಒತ್ತುತ್ತಾರೆ. ಅಕ್ಷರ ಭಕಾರವೋ ಧಕಾರವೋ ತಿಳಿಯದು. ಎರಡರಲ್ಲಿ ಯಾವುದಾದರೂ ಶಿಫ್ಟಂತೂ ಬೇಕೇ ಬೇಕು. ಆದುದರಿಂದ ಕಿರುಬೆರಳು ಸಿದ್ಧವಾಗಿ ಕುಳಿತಿದೆ, ಕಣ್ಣು ಪದವನ್ನು ಬಿಡಿಸುತ್ತಿದೆ. ಟೈಪುರೈಟರಿನಲ್ಲಿ ಶಿಫ್ಟನ್ನು ಒಂದು ಗಂಟೆ ಒತ್ತಿ ಹಿಡಿದರೂ ಏನೂ ಆಗುತ್ತಿರಲಿಲ್ಲ.

ವಿಂಡೋಸಿನಲ್ಲಿ ಆಗುತ್ತದೆ. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಬಿಡದೆ ಒತ್ತಿದರೆ ಫಿಲ್ಟರ್ ಕೀಸ್ ಎಂಬ ಒಂದು ಸೌಕರ್ಯ ಎಚ್ಚತ್ತುಕೊಳ್ಳುತ್ತದೆ. ಕೈನಡುಕ ಇರುವವರಿಗಾಗಿ ಮಾಡಿದ ಏರ್ಪಾಡು ಅದು. ನಡುಗುವ ಬೆರಳು ಆಕಸ್ಮಿಕವಾಗಿ ತಗುಲಿದ ಕೀಲಿಯನ್ನು ಲೆಕ್ಕಕ್ಕೆ ಹಿಡಿಯದೆ, ಒತ್ತಿ ಹಿಡಿದ ಕೀಲಿಯನ್ನು ಮಾತ್ರ ಅದು ಸ್ವೀಕರಿಸುತ್ತದೆ. ಎಷ್ಟು ಹೊತ್ತು ಹಿಡಿಯಬೇಕೆಂದರೆ, ನಾವಾಗಿ ಬದಲಾಯಿಸದಿದ್ದರೆ, ಒಂದು ಸೆಕೆಂಡು. ಬೆರಳಚ್ಚುಗಾರರ ಬೆರಳು ಒಂದು ಕೀಲಿಯ ಮೇಲೆ ಇರುವುದು ಸೆಕೆಂಡಿನ ಹತ್ತನೆಯ ಒಂದು ಪಾಲು. ಅಷ್ಟು ಹಗುರವಾದ ಪೆಟ್ಟೆಲ್ಲ ವ್ಯರ್ಥ. ಸಿಟ್ಟಿನಿಂದ ಒತ್ತಿ ಹಿಡಿದರೆ ಮಾತ್ರ ಅಕ್ಷರ ಬೀಳುತ್ತದೆ.

"ಸಿಟ್ಟಿಲೆ ಒತ್ತಿದ್ರ ಬರ್ತದ್ರೀ." ನಾವು ನಕ್ಕಿದ್ದೆವಲ್ಲ!

ನನ್ನ ಕಣ್ಣೆದುರಿನಲ್ಲಿಯೇ ಪರದೆಯ ಮೇಲೆ ಒಂದು ಸಣ್ಣ ಪೆಟ್ಟಿಗೆ ಮೂಡಿತು: ಈ ಸೌಕರ್ಯ ಬೇಕೆ, ಬೇಡವೆ ಎಂದು ಅದರ ಪ್ರಶ್ನೆ. ಬಾಯಿಯವರ ಕಣ್ಣು ಹಸ್ತಪ್ರತಿಯ ಮೇಲೆ. ಕೊನೆಗೆ ಧರಿಸಿದರು ಎಂದು ತೀರ್ಮಾನಿಸಿ, ಪದ ಹೊಡೆದು, ಸಾಲಿನ ಕೊನೆಯ ಎಂಟರ್ ಒತ್ತಿದರು. ಆ ಎಂಟರ್ ಟೈಪುರೈಟರಿನ ಗಾಡಿ ತಳ್ಳಿ ಬೆಳೆದ ಕೈಯದು, ಭಾರವಾದದ್ದು, ನಿಧಾನವಾದದ್ದು. ಪೆಟ್ಟಿಗೆ ಅದನ್ನು ಸಮ್ಮತಿಯೆಂದು ತಿಳಿದು ಮಾಯವಾಯಿತು. ತಲೆ ಎತ್ತಿ ನೋಡಿದರೆ ಪುಟದ ಮೇಲೆ ಪದವಿಲ್ಲ. "ನೋಡ್ರೀ, ನಿಂತ್ತು" ಎಂದರು.

ಉಳಿದ ಒಗಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ಈ ಸೌಕರ್ಯ ಎಚ್ಚತ್ತಾಗ ಯಂತ್ರ ಒಂದು ಧ್ವನಿ ಮಾಡಬೇಕು. ನಮ್ಮ ಯಂತ್ರದೊಳಗಿನ ಪುಟ್ಟ ಸ್ಪೀಕರಿನ ತಂತಿ ಎಂದೋ ಕಿತ್ತಿತ್ತು. ಪರದೆಯ ಕೆಳಮೂಲೆಯಲ್ಲಿ ಒಂದು ಗಡಿಯಾರದ ಚಿತ್ರ ಮೂಡಬೇಕು. ಪುಟಕ್ಕೆ ಹೆಚ್ಚು ಜಾಗ ಸಿಗಲೆಂದು ಆ ಪಟ್ಟಿಯನ್ನೇ ಅಡಗಿಸಿಟ್ಟಿದ್ದೆವು. ಐದು ನಿಮಿಷ ಯಾರೂ ಕೀಲಿ ಮುಟ್ಟದಿದ್ದರೆ ಸೌಕರ್ಯ ತಾನಾಗಿ ಆರಿಹೋಗಬೇಕೆಂದು ಆ ಯಂತ್ರದಲ್ಲಿ ಗೊತ್ತುಮಾಡಿತ್ತು. ಆದುದರಿಂದಲೇ ಬಾಯಿಯವರು ಬೇಸತ್ತು ಚಹ ಕುಡಿದು ಬರುವುದರೊಳಗೆ, ಅಥವಾ ಯಾರನ್ನಾದರೂ ಕರೆತರುವುದರೊಳಗೆ, ಎಲ್ಲವೂ ಸರಿಹೋಗಿರುತ್ತಿತ್ತು. ಕ್ಯಾಪ್ಸ್ ಲಾಕಿನ ದೀಪ ಹೊತ್ತದಿದ್ದುದೂ ಇದರಿಂದಲೇ. ಅದನ್ನೂ ಒಂದು ಸೆಕೆಂಡು ಹಿಡಿಯಬೇಕಾಗಿತ್ತು, ನಾನು ಹೇಳಿಕೊಟ್ಟದ್ದು ಮುಟ್ಟಿ ಬಿಡುವುದನ್ನು. ಇನ್ನು ನನ್ನ ಹೊಸ ಕೀಲಿಮಣೆಗಳು! ಆ ದುಂಡು ಮೊನೆಯ ಪಿಎಸ್ ಎರಡು ತಂತಿಯನ್ನು ಬದಲಾಯಿಸಬೇಕಾದರೆ ಯಂತ್ರವನ್ನು ಆರಿಸಿ ಹೊತ್ತಿಸಬೇಕು. ವಾಸಿಮಾಡಿದ್ದು ಆ ಆರಿಸಿ ಹೊತ್ತಿಸಿದ್ದು. ಆಮೇಲಿನ ಹತ್ತು ದಿನದ ಸುಖ ನನ್ನ ಕೀಲಿಮಣೆಯ ಗುಣವಲ್ಲ. ಆ ಹತ್ತು ದಿನ ಸುಂದರವಾದ ಅಕ್ಷರದ ಲೇಖನಗಳು ಬಂದಿದ್ದವು, ಅಷ್ಟೆ. ಯಾವುದನ್ನೋ ಬದಲಾಯಿಸಿದ ಮೇಲೆ ರೋಗ ನಿಂತರೆ, ಬದಲಾಯಿಸಿದ್ದರಿಂದಲೇ ನಿಂತಿತೆಂದು ನಂಬಿ ನಾನು ಸಂಘದ ಹಣವನ್ನು ಎರಡು ಸಾರಿ ಕಳೆದಿದ್ದೆ.

ಸಮಿತಿಯವರು ಇಂಗ್ಲಿಷಿನಲ್ಲಿ ಎರಡು ಪುಟ ಹೊಡೆದಾಗ ಏನೂ ಆಗಲಿಲ್ಲವಷ್ಟೆ? ಇಂಗ್ಲಿಷಿನಲ್ಲಿ ಶಿಫ್ಟು ಬೇಕಾಗುವುದು ವಾಕ್ಯದ ಮೊದಲಿಗೊಮ್ಮೆ, ಹೆಸರಿಗೊಮ್ಮೆ. ಒತ್ತಿ ಯೋಚಿಸುವ ಪ್ರಸಂಗವೇ ಇಲ್ಲ. ಕನ್ನಡದಲ್ಲಿ ಮಹಾಪ್ರಾಣಕ್ಕೆಲ್ಲ ಬೇಕು. ಹಾಗೆಂದು ಕನ್ನಡದ ಪ್ರೋಗ್ರಾಮಿನ ತಪ್ಪೂ ಇದರಲ್ಲಿ ಎಳ್ಳಷ್ಟೂ ಇರಲಿಲ್ಲ. ಪ್ರೋಗ್ರಾಮಿನ ಬಾಗಿಲಿಗೆ ಅಕ್ಷರ ಬಂದೇ ಇರಲಿಲ್ಲ.

ಪರಿಹಾರಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಎಕ್ಸ್‌ಪಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಆಕ್ಸೆಸಿಬಿಲಿಟಿ ಎಂಬ ಭಾಗದಲ್ಲಿ ಫಿಲ್ಟರ್ ಕೀಸ್‌ನ ಶಾರ್ಟ್‌ಕಟ್ ಎಂಬ ಗುರುತನ್ನು ತೆಗೆದೆ. ಎಕ್ಸ್‌ಪಿಗೆ ಕಂಪೆನಿಯ ಆಸರೆ ೨೦೧೪ರಲ್ಲಿ ನಿಂತುಹೋಯಿತು. ಆದರೆ ಈ ಸೌಕರ್ಯ ಇಂದಿನ ವಿಂಡೋಸ್ ಹನ್ನೊಂದರಲ್ಲಿಯೂ ಇದೆ. ಸೆಟ್ಟಿಂಗ್ಸ್, ಅದರೊಳಗೆ ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್ ಎಂದು ಹೋದರೆ ಸಿಕ್ಕುತ್ತದೆ. ಶಿಫ್ಟನ್ನು ಐದು ಸಾರಿ ಬೇಗಬೇಗ ಒತ್ತಿದರೆ ಬರುವ ಸ್ಟಿಕಿ ಕೀಸ್ ಎಂಬ ಇದರ ಸೋದರವೂ ಅಲ್ಲಿಯೇ ಇದೆ. ತುರ್ತಿನಲ್ಲಿ ಫಿಲ್ಟರ್ ಕೀಸ್ ಬಿಡಿಸಿಕೊಳ್ಳಬೇಕಾದರೆ ಅದೇ ಬಲಗಡೆಯ ಶಿಫ್ಟನ್ನು ಮತ್ತೆ ಎಂಟು ಸೆಕೆಂಡು ಹಿಡಿಯಿರಿ.

ಆದರೆ ಈ ಸೌಕರ್ಯವನ್ನು ಬಯ್ಯುವುದು ನನಗೆ ಇಷ್ಟವಿಲ್ಲ. ನಮ್ಮ ಸದಸ್ಯರಲ್ಲೊಬ್ಬರಿಗೆ ಕೈನಡುಕ. ಒಂದು ಕೀಲಿ ಒತ್ತಹೋದರೆ ಪಕ್ಕದ ಇನ್ನೆರಡಕ್ಕೂ ತಗುಲುತ್ತಿತ್ತು. ಮಗಳಿಗೆ ಪತ್ರ ಬರೆಯುವುದನ್ನೇ ಬಿಟ್ಟಿದ್ದರು. ಬಾಯಿಯವರ ಯಂತ್ರದಲ್ಲಿ ಇದನ್ನು ಆರಿಸಿದ ಮರುವಾರ ಅವರ ಮನೆಗೆ ಹೋಗಿ ಹೊತ್ತಿಸಿ, ಒಂದು ಸೆಕೆಂಡನ್ನು ಅರ್ಧಕ್ಕೆ ಇಳಿಸಿಕೊಟ್ಟು ಬಂದೆ. ನಿಧಾನವಾಗಿ, ಆದರೆ ತಪ್ಪಿಲ್ಲದೆ, ಬರೆಯತೊಡಗಿದರು.

ಬಾಯಿಯವರಿಗೆ ಅಂದೇ ಖಜಾಂಚಿಗಳು, ನಾನು, ಇಂಗ್ಲಿಷು ಪತ್ರ ಹೊಡೆದವರು ಎಲ್ಲರೂ ಸೇರಿ ಹೇಳಬೇಕಾದುದನ್ನು ಹೇಳಿದೆವು. ಆಕೆ ನಕ್ಕು, "ಹೋಗ್ಲಿ ಬಿಡ್ರಿ, ಪಟ್ಟಿ ತರ್ರಿ, ಹೆಸರು ತಿದ್ದೂಣು" ಎಂದರು. ತೀರಿಕೊಂಡವರ ಆ ಪಟ್ಟಿಯನ್ನು ಅವರು ಮೊದಲಿನಿಂದ ಮತ್ತೆ ಹೊಡೆದರು. ಸಂಚಿಕೆ ನವೆಂಬ‌ರಿನಲ್ಲಿ ಹೊರಬಂತು.

ಆ ವರ್ಷದಿಂದ ಸಂಘದ ಯಂತ್ರದ ಪಕ್ಕದಲ್ಲಿ ದಾರದಿಂದ ಕಟ್ಟಿದ ಒಂದು ಪುಸ್ತಕವಿದೆ. ಕೀಲಿಮಣೆ ನಿಂತಾಗ ಬರೆಯಬೇಕಾದುದು ಇಷ್ಟು: ಎಷ್ಟು ಗಂಟೆ, ಯಾವ ಪ್ರೋಗ್ರಾಮು, ನಿಲ್ಲುವುದಕ್ಕೆ ಮುಂಚೆ ಕೈ ಏನು ಮಾಡುತ್ತಿತ್ತು, ಮೌಸು ನಡೆಯುತ್ತಿತ್ತೋ ಇಲ್ಲವೋ, ಕ್ಯಾಪ್ಸ್ ಲಾಕನ್ನು ಮುಟ್ಟಿ ಬಿಟ್ಟಾಗ ಏನಾಯಿತು, ಎರಡು ಸೆಕೆಂಡು ಹಿಡಿದಾಗ ಏನಾಯಿತು, ಕೊನೆಗೆ ಏನು ಮಾಡಿದಾಗ ಸರಿಹೋಯಿತು. ಏನೂ ಮಾಡದೆ ಸರಿಹೋಗಿದ್ದರೆ ಅದನ್ನೂ ಬರೆಯಬೇಕು. ಎಷ್ಟು ನಿಮಿಷಕ್ಕೆ ಎಂಬುದನ್ನು ವಿಶೇಷವಾಗಿ ಬರೆಯಬೇಕು. ಬಾಯಿಯವರ ಐದು ನಿಮಿಷ ಮೊದಲ ವಾರವೇ ಹೀಗೆ ಬರೆಯಲ್ಪಟ್ಟಿದ್ದರೆ ಎರಡು ಕೀಲಿಮಣೆಗಳ ಹಣ ಉಳಿಯುತ್ತಿತ್ತು. ದುರಸ್ತಿಯವನು ಬಂದಾಗ ಯಂತ್ರವನ್ನು ತೋರಿಸುವುದಕ್ಕಿಂತ ಮುಂಚೆ ಈ ಪುಸ್ತಕವನ್ನು ತೋರಿಸಿ. ಓದದೆ ಯಂತ್ರ ಬಿಚ್ಚಹೊರಟರೆ ಅವನನ್ನು ಹಿಂದಕ್ಕೆ ಕಳುಹಿಸಿ, ನನ್ನಂಥವನಾದರೂ ಸರಿಯೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಆ ಹಳೆಯ ಯಂತ್ರವನ್ನು ನಾವು ಇನ್ನೂ ಇಟ್ಟುಕೊಂಡಿರುವುದು ಮೋಹದಿಂದಲ್ಲ. ಹಿಂದಿನ ಸಂಚಿಕೆಗಳ ಕಡತಗಳು ಹಳೆಯ ಅಕ್ಷರಕ್ರಮದಲ್ಲಿವೆ. ಆ ಪ್ರೋಗ್ರಾಮಿನ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷು ಅಕ್ಷರಗಳಾಗಿ ಕಾಣುತ್ತವೆ. ಇವನ್ನೆಲ್ಲ ಯುನಿಕೋಡಿಗೆ ತಿರುಗಿಸಿ, ಕರಡು ನೋಡಬೇಕಾಗಿದೆ. ತಿರುಗಿಸುವುದನ್ನು ಯಂತ್ರ ಮಾಡುತ್ತದೆ. ಒತ್ತಕ್ಷರ, ಅರ್ಕಾವೊತ್ತುಗಳು ತಪ್ಪಿಹೋದ ಕಡೆ ತಿದ್ದಲು ಕನ್ನಡ ಬಲ್ಲ ಕಣ್ಣು ಬೇಕು. ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಘದ ಕೋಣೆ ತೆರೆದಿರುತ್ತದೆ. ಒಂದು ಗಂಟೆಯ ಬಿಡುವಿದ್ದವರು ಬನ್ನಿ. ಮಕ್ಕಳನ್ನೂ ಕರೆತನ್ನಿ; ಬಾಯಿಯವರು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತೇನೆಂದು ಒಪ್ಪಿದ್ದಾರೆ. ಮುಂದಿನ ಸಾಲಿನಲ್ಲಿರುವ ನಮ್ಮ ಲೇಖಕರೂ ದಯಮಾಡಿ ಬರಬೇಕು. ಅವರ ಆ ಲೇಖನದಲ್ಲಿ ಇನ್ನೂ ಎರಡು ಪದಗಳು ನಮಗೆ ಇತ್ಯರ್ಥವಾಗಿಲ್ಲ.